ವಿಮಾನ ಇಳಿಸಲು ಬಾರದ ಗುರು

ಕಪಿಲೆಯ ದಡದಲ್ಲಿ ನಿರ್ವಾಣಯ್ಯ ಸ್ವಾಮಿಗಳ ಆಶ್ರಮ. ಅಲ್ಲಿಗೆ ಗೌರಾಂಬ ಎಂಬ ಗಣಿತದ ಮೇಡಂ ದೀಕ್ಷೆ ಬೇಡಿ ಬಂದಳು.

ಇಪ್ಪತ್ತು ವರ್ಷ ಮಕ್ಕಳಿಗೆ ಹೇಳಿದ್ದನ್ನೇ ಹೇಳಿ ಹೇಳಿ, ಅವಳ ಮಾತು ಅವಳಿಗೇ ಕೇಳದಂತಾಗಿತ್ತು. ಹತ್ತು ದಿನ ರಜೆ ಹಾಕಿದ್ದಳು. ದೀಕ್ಷೆ ಸಿಕ್ಕರೆ ಮತ್ತೆ ಶಾಲೆಯ ಮೆಟ್ಟಿಲು ಹತ್ತುವುದಿಲ್ಲವೆಂದು ಮನಸ್ಸಿನಲ್ಲೇ ನಿಶ್ಚಯ ಮಾಡಿಕೊಂಡಿದ್ದಳು.

ಗುರುಗಳು ಎಲ್ಲಿ ಎಂದು ಕೇಳಿದಳು. ಅಡುಗೆಯಾಕೆ ಹಿಂದಿನ ಕೋಣೆ ತೋರಿಸಿದಳು. ಒಳಗಿನಿಂದ ಗುಂಡಿನ ಸದ್ದು ಬರುತ್ತಿತ್ತು.

ಗೌರಾಂಬ ಬಾಗಿಲಲ್ಲಿ ನಿಂತು ನೋಡಿದಳು. ಡಬ್ಬದಂಥ ಹಳೇ ಕಂಪ್ಯೂಟರ್ ಮುಂದೆ, ಕಾವಿಯನ್ನು ಮೊಣಕಾಲಿಗೆ ಏರಿಸಿಕೊಂಡು ಸ್ವಾಮಿಗಳು ಕೂತಿದ್ದರು. ಕೈಯಲ್ಲಿ ಜಾಯ್‌ಸ್ಟಿಕ್. ಪರದೆಯ ಮೇಲೆ ಯಾವುದೋ ಕಾಲದ ಮಹಾಯುದ್ಧದ ವಿಮಾನಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತಿದ್ದವು.

"ಬಿತ್ತು!" ಎಂದರು ಸ್ವಾಮಿಗಳು.

ಒಂದು ವಿಮಾನ ಹೊಗೆ ಉಗುಳುತ್ತ ಸಮುದ್ರದಲ್ಲಿ ಮುಳುಗಿತು.

ತಪ್ಪು ಆಶ್ರಮಕ್ಕೆ ಬಂದೆನೇನೋ ಅನ್ನಿಸಿತು ಗೌರಾಂಬಳಿಗೆ. ಆದರೂ ಕೈ ಮುಗಿದಳು.

"ಬುದ್ಧಿ, ದೀಕ್ಷೆಗೆ ಬಂದಿದೀನಿ."

"ಕೊಡೋಣ ತಾಯಿ. ಇದನ್ನು ಇಳಿಸಿದ ಮೇಲೆ."

ಐದು ನಿಮಿಷ ಕಳೆದಿರಲಿಲ್ಲ. ಸ್ವಾಮಿಗಳ ವಿಮಾನ ರನ್‌ವೇ ಬಿಟ್ಟು ಪಕ್ಕದ ಗದ್ದೆಗೆ ಮೂಗು ಊರಿ ಹೊತ್ತಿ ಉರಿಯಿತು.

"ನಾಳೆ," ಎಂದು ಅವರು ಎದ್ದು ಹೊಳೆಗೆ ಹೋದರು.

ಆಗ ಅವಳ ಕಣ್ಣಿಗೆ ಬಾಗಿಲ ಹಿಂದಿನ ಮಂಚ ಬಿತ್ತು. ಮಂಚದ ಮೇಲೊಬ್ಬರು ಮುದುಕರು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ್ದರು.

"ಕುಟ್ಟಪ್ಪನೋರು," ಎಂದಳು ಹಿಂದೆಯೇ ಬಂದಿದ್ದ ಅಡುಗೆಯಾಕೆ. "ವಾಯುಸೇನೆಯಲ್ಲಿ ಹುಡುಗರಿಗೆ ವಿಮಾನ ಕಲಿಸ್ತಿದ್ರಂತೆ. ಲಕ್ವ ಹೊಡೆದು ಬಲಗಡೆ ಪೂರಾ ಹೋಗಿದೆ. ಮಾತೂ ಅಷ್ಟಕ್ಕಷ್ಟೆ. ಇಲ್ಲಿಗೆ ಬರುವಾಗ ತಂದಿದ್ದು ಒಂದು ಟ್ರಂಕು, ಈ ಕಂಪ್ಯೂಟರು. ಬುದ್ಧಿಯೋರ ವಿಮಾನ ಬಿದ್ದ ದಿನ ಅವರು ಸರಿಯಾಗಿ ಉಣ್ಣಲ್ಲ."

"ಯಾವತ್ತು ಬೀಳಲ್ಲ?"

"ನಾನಂತೂ ಕಂಡಿಲ್ಲ," ಎಂದು ಅಡುಗೆಯಾಕೆ ಅಡುಗೆಮನೆಗೆ ಹೋದಳು.

ಮರುದಿನ ಊಟವಾದ ಮೇಲೆ ಮತ್ತೆ ಯುದ್ಧ ಶುರುವಾಯಿತು.

"ಬುದ್ಧಿ, ಇದು ಹಿಂಸೆ ಅಲ್ಲವೇ?" ಎಂದಳು ಗೌರಾಂಬ.

"ನನ್ನ ಹಿಂದೆ ಇನ್ನೊಬ್ಬ ಇದಾನಾ, ನೋಡು."

ಅದು ಆಟದ ಪ್ರಶ್ನೆಯೋ ಅಧ್ಯಾತ್ಮದ ಪ್ರಶ್ನೆಯೋ ಅವಳಿಗೆ ತಿಳಿಯಲಿಲ್ಲ. ಪರದೆಯತ್ತ ಬಗ್ಗಿ, "ಇದಾನೆ," ಎಂದಳು.

"ಹಾಂ," ಎಂದು ಸ್ವಾಮಿಗಳು ಸರಕ್ಕನೆ ತಿರುಗಿ ಅವನನ್ನೂ ಕೆಡವಿದರು.

ಇಳಿಯುವ ಹೊತ್ತಿಗೆ ಮಂಚದಿಂದ ದನಿ ಬಂತು. "ಎಡ... ಎಡ..."

ಸ್ವಾಮಿಗಳು ಎಡಕ್ಕೆ ತಿರುಗಿಸಿದರು. ವಿಮಾನ ಗದ್ದೆಗೆ ಬಿತ್ತು. ಕುಟ್ಟಪ್ಪ ಗೋಡೆಯ ಕಡೆ ತಿರುಗಿದರು.

ಮೂರನೆಯ ದಿನ ಹಾಗೇ. ನಾಲ್ಕನೆಯ ದಿನ ವಿಮಾನ ಒಂದು ಚರ್ಚಿನ ಗೋಪುರಕ್ಕೆ ಬಡಿಯಿತು.

"ಯುದ್ಧ ಇಷ್ಟು ಚೆನ್ನಾಗಿ ಮಾಡ್ತೀರಿ. ಇಳಿಸೋಕೆ ಯಾಕೆ ಬರಲ್ಲ?"

"ಹೊಡೆಯೋದು ತಾನಾಗೇ ಬರುತ್ತಮ್ಮ. ಇಳಿಯೋದಕ್ಕೆ ಗುರು ಬೇಕು. ಅದಕ್ಕೇ ಕುಟ್ಟಪ್ಪನವರು ಹೇಳಿದ ಹಾಗೆ ಮಾಡ್ತಿದೀನಿ."

"ಮತ್ತೆ ಬೀಳ್ತಾನೇ ಇದೀರಲ್ಲ!"

"ಶಿಷ್ಯ ದಡ್ಡ."

ಆರನೆಯ ದಿನ ಗೌರಾಂಬಳಿಗೆ ಎಲ್ಲ ಹೊಳೆದಂತಾಯಿತು. ಇದು ಕರುಣೆ! ಮುದುಕರ ಮನಸ್ಸಿಗೆ ಸಮಾಧಾನವಾಗಲೆಂದು ಗುರುಗಳು ಆಡುತ್ತಿದ್ದಾರೆ. ಹೊಳೆಯ ಮೆಟ್ಟಿಲ ಮೇಲೆ ಇದನ್ನು ಸಂಭ್ರಮದಿಂದ ಹೇಳಿದಳು.

ಸ್ವಾಮಿಗಳು ಬಟ್ಟೆ ಹಿಂಡುತ್ತಿದ್ದವರು ನಿಲ್ಲಿಸಿದರು.

"ಅವರ ಸಮಾಧಾನಕ್ಕೆ ನಾನು ದಿನಾ ಸಾಯಬೇಕಾ? ನನಗೆ ಇಳಿಸಬೇಕಮ್ಮ. ಇಳಿಸೋದು ಕಲೀಬೇಕು."

ಅವಳಿಗೆ ಹೊಳೆದದ್ದೆಲ್ಲ ಮತ್ತೆ ಕಲಸಿಹೋಯಿತು.

ಎಂಟನೆಯ ದಿನ ಕುಟ್ಟಪ್ಪ ಗಂಜಿಯನ್ನೂ ಮುಟ್ಟಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆಯೂ ಅಷ್ಟೆ. ಅಡುಗೆಯಾಕೆ ಲೋಟವನ್ನು ಗೌರಾಂಬಳ ಕೈಗೆ ಕೊಟ್ಟು, "ನೀವಾದರೂ ಕುಡಿಸಿ ಮೇಡಂ, ಹೀಗಾದರೆ ಆ ಜೀವ ಉಳಿಯಲ್ಲ," ಎಂದಳು.

ಹೀಗೆ ಅಂದು ಮಧ್ಯಾಹ್ನ ಗೌರಾಂಬ ಪರದೆಗೆ ಬೆನ್ನು ಹಾಕಿ, ಲೋಟ ಹಿಡಿದು, ಮಂಚದ ಅಂಚಿನಲ್ಲಿ ಕೂತಳು. ಕುಟ್ಟಪ್ಪ ಬಾಯಿ ತೆರೆಯಲಿಲ್ಲ. ಅವಳ ಹೆಗಲ ಮೇಲಿಂದ ಅವರ ಕಣ್ಣು ಪರದೆಯಲ್ಲೇ ನೆಟ್ಟಿತ್ತು.

ವಿಮಾನ ಇಳಿಯತೊಡಗಿತು.

"ಎಡ," ಎಂದರು ಕುಟ್ಟಪ್ಪ.

ಕಂಬಳಿಯ ಮೇಲಿದ್ದ ಅವರ ಎಡಗೈಯನ್ನು ಗೌರಾಂಬ ನೋಡಿದಳು. ಇಲ್ಲದ ಜಾಯ್‌ಸ್ಟಿಕ್ ಒಂದನ್ನು ಆ ಕೈ ಹಿಡಿದುಕೊಂಡಿತ್ತು. ಅದು ಬಲಕ್ಕೆ ವಾಲಿತು.

"ಎಡ... ಎಡ!"

ಕೈ ಇನ್ನೂ ಬಲಕ್ಕೆ ವಾಲಿತು. ಮಣಿಕಟ್ಟಿನ ನರ ಉಬ್ಬಿತು.

"ಬುದ್ಧಿ, ನಿಲ್ಲಿಸಿ!" ಎಂದು ಕೂಗಿದಳು ಗೌರಾಂಬ.

ಸ್ವಾಮಿಗಳು ಒಂದು ಕೀಲಿ ಒತ್ತಿದರು. ವಿಮಾನ ಆಕಾಶದಲ್ಲೇ ನಿಂತಿತು.

"ಬಾಯಿ ಎಡ ಅನ್ನುತ್ತೆ ಬುದ್ಧಿ, ಕೈ ಬಲಕ್ಕೆ ಹೋಗುತ್ತೆ. ಅವರಿಗೆ ಬೇಕಾದದ್ದು ಬಲ. ಬಾಯಿಗೆ ಬರ್ತಿರೋದು ಎಡ."

"ಹೌದಾ?" ಸ್ವಾಮಿಗಳು ನಿಜವಾಗಿಯೂ ಬೆರಗಾದರು. "ನಾನು ಅವರಿಗೆ ಬೆನ್ನು ಹಾಕಿ ಕೂತಿದ್ದೆನಲ್ಲ."

ಅವರು ಕುರ್ಚಿಯಿಂದ ಎದ್ದರು.

"ಕೂತ್ಕೋ."

"ನನಗೆ ಬರಲ್ಲ ಬುದ್ಧಿ."

"ನನಗೂ ಬರಲ್ಲ."

ಇಬ್ಬರೂ ಸೇರಿ ಮಂಚವನ್ನು ಕರಕರ ಎಳೆದು ಮೇಜಿನ ಪಕ್ಕಕ್ಕೆ ತಂದರು. ಕುಟ್ಟಪ್ಪ ಗಾಬರಿಯಿಂದ ಒಬ್ಬರನ್ನು ಬಿಟ್ಟು ಒಬ್ಬರನ್ನು ನೋಡಿದರು. ಗೌರಾಂಬ ಸೆರಗು ಸಿಕ್ಕಿಸಿ ಕೂತು ಜಾಯ್‌ಸ್ಟಿಕ್ ಹಿಡಿದಳು.

ವಿಮಾನ ಮತ್ತೆ ಹೊರಟಿತು.

"ಎಡ," ಎಂದರು ಕುಟ್ಟಪ್ಪ. ಅವಳು ಅವರ ಕೈ ನೋಡಿದಳು. ಬಲಕ್ಕೆ ವಾಲಿಸಿದಳು.

"ಬಲ. ಬಲ." ಅವರ ಕೈ ಎಡಕ್ಕೆ ಒಂದು ಕೂದಲೆಳೆ ಸರಿಯಿತು. ಅವಳ ಕೈಯೂ ಸರಿಯಿತು.

ಆಮೇಲೆ ಅವರು ಏನು ಹೇಳಿದರೋ ಅವಳಿಗೆ ಕೇಳಲಿಲ್ಲ. ಕಂಬಳಿಯ ಮೇಲಿನ ಕೈ ಹಿಂದಕ್ಕೆ ಬಂದರೆ ಅವಳ ಕೈ ಹಿಂದಕ್ಕೆ ಬಂತು. ಅದು ತಡೆದರೆ ಇದೂ ತಡೆಯಿತು. ಗದ್ದೆ ಸರಿಯಿತು, ಚರ್ಚು ಸರಿಯಿತು. ಚಕ್ರ ನೆಲಕ್ಕೆ ತಾಗಿ ಒಮ್ಮೆ ಪುಟಿಯಿತು, ಇನ್ನೊಮ್ಮೆ ಪುಟಿಯಿತು. ರನ್‌ವೇಯ ಕೊನೆಯಲ್ಲಿ ವಿಮಾನ ಓಲಾಡುತ್ತ ನಿಂತಿತು.

ಕೋಣೆಯಲ್ಲಿ ಎಂಜಿನ್ನಿನ ಗುರುಗುರು ಮಾತ್ರ ಉಳಿಯಿತು.

"ಎಡ," ಎಂದರು ಕುಟ್ಟಪ್ಪ. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು. "ಎಡ, ಎಡ, ಎಡ!" ಎಂದು ನಗತೊಡಗಿದರು. ನಕ್ಕು ಸುಸ್ತಾದ ಮೇಲೆ ಎಡಗೈ ಚಾಚಿ ಗಂಜಿಯ ಲೋಟ ಕೇಳಿದರು.

ಅವರು ಕುಡಿದು ಮುಗಿಸುವವರೆಗೂ ಗೌರಾಂಬ ಲೋಟ ಹಿಡಿದುಕೊಂಡಿದ್ದಳು. ಮರುದಿನಕ್ಕೆ ರಜೆ ಮುಗಿಯುತ್ತದೆ ಎಂಬುದು ಆಗ ನೆನಪಾಯಿತು.

"ಬುದ್ಧಿ, ವಿಮಾನ ಇಳಿಯಿತಲ್ಲ. ಈಗಲಾದರೂ ದೀಕ್ಷೆ ಕೊಡಿ."

ಸ್ವಾಮಿಗಳು ನೆಲದ ಮೇಲೆ, ಮಂಚದ ಕಾಲಿಗೆ ಒರಗಿ ಕೂತಿದ್ದರು.

"ಅವರ ಕೈ ನೋಡು ಅಂತ ನಿನಗೆ ಯಾರು ಹೇಳಿದ್ರು?"

ಗೌರಾಂಬ ನೆನಪು ಮಾಡಿಕೊಂಡಳು. ಅಡುಗೆಯಾಕೆ ಹೇಳಿರಲಿಲ್ಲ. ಗುರುಗಳು ಹೇಳಿರಲಿಲ್ಲ. ತನಗೆ ತಾನೇ ಹೇಳಿಕೊಂಡದ್ದೂ ನೆನಪಿಲ್ಲ.

"ಯಾರೂ ಹೇಳಲಿಲ್ಲ ಬುದ್ಧಿ."

"ಹಾಗಾದರೆ ದೀಕ್ಷೆಯನ್ನೂ ಆ ಯಾರೂ ಅಲ್ಲದವರ ಹತ್ತಿರವೇ ಇಸ್ಕೋ ತಾಯಿ."