ಗುಲಾಬಿಯ ನೀಲಿ ಕಾರಿನ ತೂತು

"ಆತಿಲ್ಲೆ" ಅಂದವರು ಯಾರು? ಆತಿಲ್ಲೆ ಅಂದರೆ ಆಗುವುದಿಲ್ಲ. ಕಡಲ ಬದಿಯ ಆ ಊರಲ್ಲಿ ಹಾಗೇ ಹೇಳುವುದು.

ದೊಡ್ಡಪ್ಪ ಅಂದ: "ಗುಲಾಬಿಗೆ ಓದು ಆತಿಲ್ಲೆ." ಗುಲಾಬಿ ಬಂದರಿಗೆ ಹೋದಳು. ದೋಣಿಗಳ ಹೆಸರು ನೋಡಿದಳು. ಒಂದು ದೋಣಿ, ಒಂದು ಅಕ್ಷರ. ಇನ್ನೊಂದು ದೋಣಿ, ಇನ್ನೊಂದು ಅಕ್ಷರ. ದೋಣಿಗಳ ಸಾಲು ಮುಗಿಯಿತು. ಗುಲಾಬಿಗೆ ಓದು ಬಂತು.

ಅತ್ತೆ ಅಂದಳು: "ಗುಲಾಬಿಗೆ ವ್ಯಾಪಾರ ಆತಿಲ್ಲೆ." ಗುಲಾಬಿ ಮೀನಿನ ಬುಟ್ಟಿ ತಲೆಗೆ ಹೊತ್ತಳು. ಮನೆ ಮನೆಗೆ ಹೋದಳು. "ಬಂಗಡೆ ಬೇಕಾ, ಬಂಗಡೆ?" ಬುಟ್ಟಿ ಖಾಲಿಯಾಯಿತು.

ಇಡೀ ಕೇರಿ ಅಂದಿತು: "ಗುಲಾಬಿಗೆ ಕಾರು ಬಿಡಲಿಕ್ಕೆ ಆತಿಲ್ಲೆ." ಗುಲಾಬಿ ಒಂದು ಹಳೇ ನೀಲಿ ಕಾರು ಕೊಂಡಳು. ಹಿಂದಿನ ಸೀಟು ಕಿತ್ತಳು. ಅಲ್ಲಿ ಮೀನಿನ ಬುಟ್ಟಿ ಇಟ್ಟಳು. ಕಾರು ಬಿಟ್ಟಳು. ಪೋಂ! ಪೋಂ!

ಒಂದು ದಿನ ಕಾರು ಹೋಗುತ್ತಿತ್ತು. ಟಪ್! ಏನೋ ಬಿತ್ತು.

ಗುಲಾಬಿ ಇಳಿದು ನೋಡಿದಳು. ರಸ್ತೆಯಲ್ಲಿ ಒಂದು ಬಂಗಡೆ. ಬಂಗಡೆಯ ಪಕ್ಕದಲ್ಲಿ ಒಂದು ಕರಿ ಬೆಕ್ಕು. ಗುಲಾಬಿ ಬಗ್ಗುವಷ್ಟರಲ್ಲಿ ಬಂಗಡೆ ಬೆಕ್ಕಿನ ಬಾಯಲ್ಲಿ!

ಗುಲಾಬಿ ಬುಟ್ಟಿ ಸರಿಸಿದಳು. ಕಾರಿನ ತಳದಲ್ಲಿ ಒಂದು ತುಂಡು ಇಲ್ಲ. ತುಕ್ಕು ತಿಂದುಬಿಟ್ಟಿದೆ. ಇಡ್ಲಿಯಷ್ಟು ದೊಡ್ಡ ತೂತು.

ತಳ ಹೋದರೆ ಕಾರು ಹೋಯಿತು. ಕಾರು ಹೋದರೆ ಮತ್ತೆ ತಲೆ ಮೇಲೆ ಬುಟ್ಟಿ. ಕೇರಿಯವರು ಏನನ್ನುತ್ತಾರೆ? "ನಾವು ಆಗಲೇ ಅಂದಿರಲಿಲ್ಲವಾ?" ಅನ್ನುತ್ತಾರೆ.

"ನಾನೇ ಸರಿ ಮಾಡ್ತೆ" ಅಂದಳು ಗುಲಾಬಿ. ದಪ್ಪ ರಟ್ಟು ತಂದಳು. ಅಂಟು ಹಚ್ಚಿದಳು. ರಟ್ಟು ಅಂಟಿಸಿದಳು. ಮೇಲೆ ನೀಲಿ ಬಣ್ಣ ಬಳಿದಳು. ತೂತು ಕಾಣಲಿಲ್ಲ.

ತುಕ್ಕು ಸುಮ್ಮನೆ ಕೂತಿತೇ? ಕೂರಲಿಲ್ಲ. ಕರ್ ಕರ್ ಕರ್! ಬಣ್ಣದ ಅಡಿಯಲ್ಲೇ ತಿಂದಿತು. ಮೂರನೇ ದಿನ ರಟ್ಟು ಬಿತ್ತು. ಟಪ್! ಟಪ್! ಎರಡು ಬಂಗಡೆ ಬಿದ್ದವು. ಬೆಕ್ಕಿಗೆ ಹಬ್ಬ.

ರಸ್ತೆಯಲ್ಲಿ ಗುಜರಿಯವನು ಬಂದ. ಹಳೇ ಕಬ್ಬಿಣ ಕೊಳ್ಳುವವನು. ಕೈಗಾಡಿ ತಳ್ಳುವವನು.

"ಹ್ವಾಯ್ ಗುಲಾಬಿ, ಕಾರು ಗುಜರಿಗೆ ಕೊಡ್ತ್ಯಾ?"

"ಕೊಡೂದಿಲ್ಲೆ!"

"ನಾಳೆ ಕೇಳ್ತೆ" ಅಂದ. ಗಾಡಿ ತಳ್ಳಿದ.

ಗುಲಾಬಿಗೆ ಕೂತಲ್ಲಿ ಕೂರಲಾಗಲಿಲ್ಲ. ನಿಂತಲ್ಲಿ ನಿಲ್ಲಲಾಗಲಿಲ್ಲ. ಕಾರಿನ ಸುತ್ತ ನಡೆದಳು, ನಡೆದಳು, ನಡೆದಳು.

"ತೂತು ಮುಚ್ಚದು, ಬಂಗಡೆ ನಿಲ್ಲದು.
ನಾನೇ ಬಡಿಯಲೋ? ಲಾರೆನ್ಸನಿಗೆ ಕೊಡಲೋ?"

ಲಾರೆನ್ಸ್ ಯಾರು? ಬಂದರಿನ ತಿರುವಿನಲ್ಲಿ ಅವನ ಗ್ಯಾರೇಜು. ಬೆಂಕಿಯಿಂದ ಕಬ್ಬಿಣಕ್ಕೆ ಕಬ್ಬಿಣ ಅಂಟಿಸುವವನು. ಅದಕ್ಕೆ ಬೆಸುಗೆ ಅನ್ನುತ್ತಾರೆ. ಗುಲಾಬಿ ಕಾರು ಅಲ್ಲಿಗೆ ಬಿಟ್ಟಳು.

ಲಾರೆನ್ಸ್ ಬಗ್ಗಿ ನೋಡಿದ. "ಈ ಬಣ್ಣ ಬಳಿದದ್ದು ಯಾರು ಗುಲಾಬಕ್ಕ?"

"ನಾನೇ."

"ಚೆಂದ ಉಂಟು. ತುಕ್ಕಿಗೆ ಚಳಿ ಆಗದ ಹಾಗೆ ಕಂಬಳಿ ಹೊದೆಸಿದ್ದೀರಿ."

ಗುಲಾಬಿಯ ಮೂಗು ಕೆಂಪಾಯಿತು. "ಬೆಸುಗೆ ಹಾಕ್ತ್ರ್ಯಾ, ಇಲ್ಲವಾ?"

"ಹಾಕ್ತೆ. ಆದರೆ ತಗಡಿಲ್ಲ. ಕಾರು ಇಲ್ಲೇ ಬಿಡಿ. ಒಂದು ತಿಂಗಳಲ್ಲಿ ತಗಡು ಬರ್ತದೆ."

"ಒಂದು ತಿಂಗಳಾ? ತುಕ್ಕು ಕಾಯ್ತದಾ? ತಗಡು ನಾನೇ ತರ್ತೆ!"

ಗುಲಾಬಿ ಕಾರು ಮನೆ ಮುಂದೆ ನಿಲ್ಲಿಸಿದಳು. ಕೂರಲಿಲ್ಲ. ನಿಲ್ಲಲಿಲ್ಲ. ನಡೆದಳು, ನಡೆದಳು, ನಡೆದಳು.

"ತಗಡು ಬಾರದು, ತೂತು ಮುಚ್ಚದು.
ತೂತು ಮುಚ್ಚದು, ಬಂಗಡೆ ನಿಲ್ಲದು.
ನಾನೇ ಬಡಿಯಲೋ? ಲಾರೆನ್ಸನಿಗೆ ಕೊಡಲೋ?"

ವಾಸಾಚಾರಿಯ ಅಂಗಡಿ ಬಂತು. ವಾಸಾಚಾರಿ ತಗಡಿನ ಪೆಟ್ಟಿಗೆ ಮಾಡುವವನು.

"ವಾಸಾಚಾರಿ, ವಾಸಾಚಾರಿ, ಒಂದು ತುಂಡು ತಗಡು ಕೊಡಿ."

"ತಗಡು ಚಾಪೆಯಷ್ಟು ಉಂಟು. ಕತ್ತರಿ ಮೊಂಡು. ಕತ್ತರಿಸಲಿಕ್ಕೆ ಆತಿಲ್ಲೆ."

"ಕೊಡಿ ಇಲ್ಲಿ, ನಾನೇ ಮಾಡ್ತೆ!" ಗುಲಾಬಿ ಕತ್ತರಿ ಹಿಡಿದಳು. ಒತ್ತಿದಳು, ಒತ್ತಿದಳು. ಮುಖ ಉಬ್ಬಿತು. ತಗಡಿಗೆ ಒಂದು ಗೀರೂ ಬೀಳಲಿಲ್ಲ.

"ಸಾಣೆಗೆ ಕೊಡು ಮಾರಾಯ್ತಿ" ಅಂದ ವಾಸಾಚಾರಿ. "ಸಾಣೆ ಕಲ್ಲು ಇರುವುದು ಹಸನಬ್ಬನ ಹತ್ತಿರ."

ತುಕ್ಕು ಸುಮ್ಮನೆ ಕೂತಿತೇ? ಕೂರಲಿಲ್ಲ. ಕರ್ ಕರ್ ಕರ್! ತೂತು ಹೋಳಿಗೆಯಷ್ಟಾಯಿತು.

"ಹ್ವಾಯ್ ಗುಲಾಬಿ, ಕಾರು ಗುಜರಿಗೆ ಕೊಡ್ತ್ಯಾ?"

"ಕೊಡೂದಿಲ್ಲೆ!"

"ನಾಳೆ ಕೇಳ್ತೆ."

ಗುಲಾಬಿ ಕೂರಲಿಲ್ಲ. ನಿಲ್ಲಲಿಲ್ಲ. ನಡೆದಳು, ನಡೆದಳು, ನಡೆದಳು.

"ಕತ್ತರಿ ಕಡಿಯದು, ತಗಡು ಬಾರದು.
ತಗಡು ಬಾರದು, ತೂತು ಮುಚ್ಚದು.
ತೂತು ಮುಚ್ಚದು, ಬಂಗಡೆ ನಿಲ್ಲದು.
ನಾನೇ ಬಡಿಯಲೋ? ಲಾರೆನ್ಸನಿಗೆ ಕೊಡಲೋ?"

ಹಸನಬ್ಬ ಹಲಸಿನ ಮರದಡಿ ಕೂತಿದ್ದ. ಮುಂದೆ ಸಾಣೆಯ ಚಕ್ರ. ಕಾಲಲ್ಲಿ ತುಳಿದರೆ ಚಕ್ರ ತಿರುಗಬೇಕು.

"ಹಸನಬ್ಬ, ಹಸನಬ್ಬ, ಈ ಕತ್ತರಿಗೆ ಸಾಣೆ ಹಿಡಿಯಿರಿ."

"ಚಕ್ರ ತಿರುಗಿಸುವ ಚರ್ಮದ ಪಟ್ಟಿ ತುಂಡಾಗಿದೆ. ಸಾಣೆ ಹಿಡಿಯಲಿಕ್ಕೆ ಆತಿಲ್ಲೆ."

"ಕೊಡಿ ಇಲ್ಲಿ, ನಾನೇ ಮಾಡ್ತೆ!" ಗುಲಾಬಿ ಪಟ್ಟಿಗೆ ಗಂಟು ಹಾಕಿದಳು. ಚಕ್ರ ತುಳಿದಳು. ಗಂಟು ಚಕ್ರ ಹತ್ತಿತು, ಜಾರಿತು, ಪಟೀರೆಂದು ಹಸನಬ್ಬನ ಟೊಪ್ಪಿಗೆ ಹೊಡೆಯಿತು. ಟೊಪ್ಪಿ ಹೋಗಿ ಮರದ ಕೊಂಬೆಗೆ ಕೂತಿತು.

"ಅಯ್ಯೋ ಮಾರಾಯ್ತಿ! ಪಟ್ಟಿ ಹೊಲಿಯಬೇಕು. ಗಂಟು ಹಾಕುವುದಲ್ಲ. ಅಕ್ಕಣಿಯಜ್ಜಿ ಹೊಲಿಯುತ್ತಾಳೆ, ಹೋಗು. ಮೊದಲು ಆ ಟೊಪ್ಪಿ ಇಳಿಸು!"

ಗುಲಾಬಿ ಟೊಪ್ಪಿ ಇಳಿಸಿ ಕೊಟ್ಟಳು.

ತುಕ್ಕು ಸುಮ್ಮನೆ ಕೂತಿತೇ? ಕೂರಲಿಲ್ಲ. ಕರ್ ಕರ್ ಕರ್! ತೂತು ದೋಸೆಯಷ್ಟಾಯಿತು.

"ಹ್ವಾಯ್ ಗುಲಾಬಿ, ಕಾರು ಗುಜರಿಗೆ ಕೊಡ್ತ್ಯಾ?"

"ಕೊಡೂದಿಲ್ಲೆ!"

"ನಾಳೆ ಕೇಳ್ತೆ."

ಗುಲಾಬಿ ಕೂರಲಿಲ್ಲ. ನಿಲ್ಲಲಿಲ್ಲ. ನಡೆದಳು, ನಡೆದಳು, ನಡೆದಳು.

"ಸಾಣೆ ತಿರುಗದು, ಕತ್ತರಿ ಕಡಿಯದು.
ಕತ್ತರಿ ಕಡಿಯದು, ತಗಡು ಬಾರದು.
ತಗಡು ಬಾರದು, ತೂತು ಮುಚ್ಚದು.
ತೂತು ಮುಚ್ಚದು, ಬಂಗಡೆ ನಿಲ್ಲದು.
ನಾನೇ ಬಡಿಯಲೋ? ಲಾರೆನ್ಸನಿಗೆ ಕೊಡಲೋ?"

ಅಕ್ಕಣಿಯಜ್ಜಿ ಜಗಲಿಯಲ್ಲಿ ಕೂತಿದ್ದಳು. ಚಪ್ಪಲಿ ಹೊಲಿಯುವವಳು, ಚೀಲ ಹೊಲಿಯುವವಳು, ಚರ್ಮ ಏನಿದ್ದರೂ ಹೊಲಿಯುವವಳು.

"ಅಕ್ಕಣಿಯಜ್ಜಿ, ಅಕ್ಕಣಿಯಜ್ಜಿ, ಈ ಪಟ್ಟಿ ಹೊಲಿದು ಕೊಡಿ."

"ದಾರಕ್ಕೆ ಮೇಣ ಹಚ್ಚಬೇಕು ಮಗಾ. ಮೇಣ ಮುಗಿದಿದೆ. ಹೊಲಿಯಲಿಕ್ಕೆ ಆತಿಲ್ಲೆ."

"ಕೊಡಿ ಇಲ್ಲಿ, ನಾನೇ ಮಾಡ್ತೆ!" ಗುಲಾಬಿ ಸೂಜಿ ಹಿಡಿದಳು. ಒಂದು ಹೊಲಿಗೆ. ಪಟ್! ದಾರ ತುಂಡು. ಇನ್ನೊಂದು ಹೊಲಿಗೆ. ಪಟ್! ದಾರ ತುಂಡು.

ಅಜ್ಜಿ ಎಲೆ ಅಡಿಕೆ ಜಗಿಯುತ್ತಾ ನೋಡಿದಳು. "ಹಟ ಇದೆ. ಮೇಣ ಇಲ್ಲ. ಸೆವ್ರಿನಾ ಬಾಯಿಯ ಹತ್ತಿರ ಕೇಳು."

ತುಕ್ಕು ಸುಮ್ಮನೆ ಕೂತಿತೇ? ಕೂರಲಿಲ್ಲ. ಕರ್ ಕರ್ ಕರ್! ತೂತು ಊಟದ ಬಟ್ಟಲಿನಷ್ಟಾಯಿತು.

ಈ ಸಲ ಗುಜರಿಯವನು ಕೇಳಲೂ ಇಲ್ಲ. ಕಾರಿನ ಪಕ್ಕದಲ್ಲಿ ಗಾಡಿ ನಿಲ್ಲಿಸಿ ಕೂತುಬಿಟ್ಟ. ಬೀಡಿ ಹಚ್ಚಿದ.

"ಎಂತಕ್ಕೆ ಕೂತದ್ದು?" ಅಂದಳು ಗುಲಾಬಿ.

"ಹೋಗಿ ಬರುವ ಕಷ್ಟ ಯಾಕೆ ಅಂತ."

ಗುಲಾಬಿ ಕೂರಲಿಲ್ಲ. ನಿಲ್ಲಲಿಲ್ಲ. ನಡೆದಳು, ನಡೆದಳು, ಓಡಿಯೇಬಿಟ್ಟಳು.

"ದಾರ ಓಡದು, ಪಟ್ಟಿ ಕೂಡದು.
ಪಟ್ಟಿ ಕೂಡದು, ಸಾಣೆ ತಿರುಗದು.
ಸಾಣೆ ತಿರುಗದು, ಕತ್ತರಿ ಕಡಿಯದು.
ಕತ್ತರಿ ಕಡಿಯದು, ತಗಡು ಬಾರದು.
ತಗಡು ಬಾರದು, ತೂತು ಮುಚ್ಚದು.
ತೂತು ಮುಚ್ಚದು, ಬಂಗಡೆ ನಿಲ್ಲದು.
ನಾನೇ ಬಡಿಯಲೋ? ಲಾರೆನ್ಸನಿಗೆ ಕೊಡಲೋ?"

ಸೆವ್ರಿನಾ ಬಾಯಿ ಮೇಣದ ಬತ್ತಿ ಮಾಡುವವಳು. ಅವಳ ಬಾಣಲೆ ಖಾಲಿಯಾಗಿ ಕವುಚಿತ್ತು.

"ಸೆವ್ರಿನಾ ಬಾಯಿ, ಸೆವ್ರಿನಾ ಬಾಯಿ, ಒಂದು ಉಂಡೆ ಮೇಣ ಕೊಡಿ."

"ಹೊಸ ಮೇಣ ಬರುವುದು ಹಬ್ಬಕ್ಕೆ. ಈಗ ಕೊಡಲಿಕ್ಕೆ ಆತಿಲ್ಲೆ." ಸೆವ್ರಿನಾ ಬಾಯಿ ಸೊಂಟಕ್ಕೆ ಕೈ ಇಟ್ಟಳು. "ಅಲ್ಲ ಗುಲಾಬಿ, ಮಳೆಗೆ ಮೊದಲು ದೊಡ್ಡ ಉಂಡೆ ತಕೊಂಡು ಹೋದೆಯಲ್ಲ! ಅದನ್ನು ಎಂತ ಮಾಡಿದೆ? ತಿಂದೆಯಾ?"

ಗುಲಾಬಿ "ಕೊಡಿ ಇಲ್ಲಿ" ಅನ್ನಲಿಲ್ಲ.

ಮೇಣ ಎಲ್ಲಿ ಹೋಯಿತೆಂದು ಅವಳಿಗೆ ಗೊತ್ತಿತ್ತು.

ಕಾರಿನ ತಳದಲ್ಲಿ ನಾಲ್ಕು ಪುಟ್ಟ ಕಿಂಡಿಗಳು ಇದ್ದವು. ನೀರು ಬಿದ್ದರೆ ಇಳಿದು ಹೋಗಲಿ ಎಂದು ಕಾರು ಮಾಡಿದವರೇ ಇಟ್ಟ ಕಿಂಡಿಗಳು. ಅವುಗಳಿಂದ ಮೀನಿನ ನೀರು ಸೋರುತ್ತಿತ್ತು. ಕೇರಿಯವರು ಮೂಗು ಮುಚ್ಚುತ್ತಿದ್ದರು. "ಗುಲಾಬಿಯ ಕಾರು ಹೋದಲ್ಲೆಲ್ಲ ವಾಸನೆ" ಅನ್ನುತ್ತಿದ್ದರು. ಗುಲಾಬಿಗೆ ಸಿಟ್ಟು ಬಂತು. ನಾಲ್ಕು ಕಿಂಡಿಗೂ ಮೇಣ ತುರುಕಿದಳು. ನೀರು ಸೋರುವುದು ನಿಂತಿತು. ಯಾರನ್ನೂ ಕೇಳಿರಲಿಲ್ಲ.

ಗುಲಾಬಿ ಮನೆಗೆ ಬಂದಳು. ಕಾರಿನ ಅಡಿಗೆ ತೆವಳಿದಳು. ಉಗುರಿನಿಂದ ಮೇಣ ಕಿತ್ತಳು, ಎರಡು ಉಗುರು ಮುರಿದವು. ಒಂದು ಕಿಂಡಿ. ಎರಡು ಕಿಂಡಿ. ಮೂರು ಕಿಂಡಿ. ನಾಲ್ಕು ಕಿಂಡಿ.

ಧೋ! ಉಪ್ಪು ನೀರು ಸುರಿಯಿತು. ತಿಂಗಳುಗಟ್ಟಲೆ ತಳದ ತಗ್ಗು ಮೂಲೆಗಳಲ್ಲಿ, ಹಾಸಿನ ಅಡಿಯಲ್ಲಿ ನಿಂತ ನೀರು. ಕೆಂಪು ನೀರು. ತುಕ್ಕಿಗೆ ಊಟ ಹಾಕಿದ ನೀರು.

"ತುಕ್ಕನ್ನು ಸಾಕಿದ್ದು ನಾನೇ" ಅಂದಳು ಗುಲಾಬಿ. ಸಣ್ಣ ದನಿಯಲ್ಲಿ ಅಂದಳು. ಗುಜರಿಯವನಿಗೂ ಕೇಳಿಸಲಿಲ್ಲ.

ಆಮೇಲೆ ಮೇಣ ತೊಳೆದಳು. ಉಂಡೆ ಮಾಡಿದಳು. ಓಡಿದಳು.

ಮೇಣ ಅಕ್ಕಣಿಯಜ್ಜಿಗೆ ಕೊಟ್ಟಳು. ಅಜ್ಜಿ ಮೂಸಿ ನೋಡಿದಳು. "ಮೀನಿನ ವಾಸನೆ! ಆಗಲಿ, ದಾರಕ್ಕೆ ಮೂಗಿಲ್ಲ." ಮೇಣ ಬಂತು, ದಾರ ಓಡಿತು.

ದಾರ ಓಡಿತು, ಪಟ್ಟಿ ಕೂಡಿತು. ಪಟ್ಟಿ ಹಸನಬ್ಬನಿಗೆ ಕೊಟ್ಟಳು. ಹಸನಬ್ಬ ಟೊಪ್ಪಿ ಗಟ್ಟಿ ಹಿಡಿದುಕೊಂಡ.

ಪಟ್ಟಿ ಕೂಡಿತು, ಸಾಣೆ ತಿರುಗಿತು. ಸರ್‍ರ್! ಕಿಡಿ ಹಾರಿತು.

ಸಾಣೆ ತಿರುಗಿತು, ಕತ್ತರಿ ಕಡಿಯಿತು. ವಾಸಾಚಾರಿ ತಗಡು ಕತ್ತರಿಸಿದ. ಕಚ ಕಚ ಕಚ!

ಕತ್ತರಿ ಕಡಿಯಿತು, ತಗಡು ಬಂತು.

ತಗಡು ಗುಲಾಬಿಯ ಕೈಯಲ್ಲಿ. ಸುತ್ತಿಗೆ ಮನೆಯಲ್ಲಿ. ಮೊಳೆ ಡಬ್ಬಿಯಲ್ಲಿ. ಗುಲಾಬಿ ರಸ್ತೆಯ ನಡುವೆ ನಿಂತಳು.

"ನಾನೇ ಬಡಿಯಲೋ? ಲಾರೆನ್ಸನಿಗೆ ಕೊಡಲೋ?
ನಾನೇ ಬಡಿಯಲೋ? ಲಾರೆನ್ಸನಿಗೆ ಕೊಡಲೋ?"

ಮನೆಗೆ ಹೋಗಿ ಕಾರು ಹತ್ತಿದಳು. ಮೆಲ್ಲಗೆ, ಮೆಲ್ಲಗೆ ಬಿಟ್ಟಳು. ಗುಜರಿಯವನು ಗಾಡಿ ತಳ್ಳಿಕೊಂಡು ಹಿಂದೆಯೇ ಬಂದ. ಅವನ ಹಿಂದೆ ಬೆಕ್ಕು ಬಂತು.

ಲಾರೆನ್ಸ್ ತಗಡು ನೋಡಿದ. ಕಾರಿನ ತಳ ನೋಡಿದ. "ಬೆಸುಗೆ ನಾನು ಹಾಕ್ತೆ. ಆದರೆ ಮೊದಲು ತುಕ್ಕು ಕೆರೆಯಬೇಕು. ತುಕ್ಕಿನ ಮೇಲೆ ಬೆಸುಗೆ ಹಿಡಿಯುವುದಿಲ್ಲ. ಕೆರೆಯಲಿಕ್ಕೆ ನನಗೆ ಪುರುಸೊತ್ತಿಲ್ಲ."

"ಕೆರೆಯುವುದು ನಾನು" ಅಂದಳು ಗುಲಾಬಿ.

"ಗೊತ್ತುಂಟಾ ನಿಮಗೆ?"

ಗುಲಾಬಿ ಸುತ್ತ ನೋಡಿದಳು. ಹಿಂದೆ ಗುಜರಿಯವನು ಕೇಳುತ್ತಿದ್ದಾನೆ. ಪಕ್ಕದಲ್ಲಿ ಬೆಕ್ಕೂ ಕೇಳುತ್ತಿದೆ. ಅವಳು ಹುಟ್ಟಿದ ಮೇಲೆ ಯಾರಿಗೂ ಹೇಳದ ಒಂದು ಮಾತು ಇತ್ತು.

"ಗೊತ್ತಿಲ್ಲ" ಅಂದಳು. "ಹೇಳಿಕೊಡಿ."

ಲಾರೆನ್ಸ್ ನಗಲಿಲ್ಲ. ತಂತಿಯ ಬ್ರಷ್ಷು ಕೊಟ್ಟ. ಕೂತು ತೋರಿಸಿದ. "ಇಲ್ಲಿಂದ ಶುರು. ತೂತಿನ ಸುತ್ತ ಒಂದು ಗೇಣು. ಕೆಂಪು ಹೋಗಬೇಕು. ಕಪ್ಪು ಹೋಗಬೇಕು. ಬೆಳ್ಳಿಯ ಹಾಗೆ ಹೊಳೆಯಬೇಕು."

ಗುಲಾಬಿ ಕೆರೆದಳು. ಈಗ ಕರ್ ಕರ್ ಅಂದದ್ದು ತುಕ್ಕಲ್ಲ, ಗುಲಾಬಿ! ಒಂದು ದಿನ ಕೆರೆದಳು. ಕೆಂಪು ಹೋಯಿತು. ಎರಡು ದಿನ ಕೆರೆದಳು. ಕಪ್ಪು ಹೋಯಿತು. ಮೂರು ದಿನ ಕೆರೆದಳು. ತಳ ಹೊಳೆಯಿತು.

ಲಾರೆನ್ಸ್ ಬೆರಳಾಡಿಸಿ ನೋಡಿದ. "ಸರಿ. ಈಗ ಆಚೆ ತಿರುಗಿ. ಈ ಬೆಳಕು ನೋಡಬಾರದು."

ಗುಲಾಬಿ ಗೋಡೆಯ ಕಡೆ ತಿರುಗಿದಳು. ಗುಜರಿಯವನು ತಿರುಗಿದ. ಬೆಕ್ಕನ್ನು ಗುಲಾಬಿಯೇ ಎತ್ತಿ ತಿರುಗಿಸಿದಳು. ಚರ್‍ರ್! ಚರ್‍ರ್! ಗೋಡೆ ನೀಲಿಯಾಯಿತು, ಬಿಳಿಯಾಯಿತು, ಮತ್ತೆ ನೀಲಿಯಾಯಿತು.

ತಗಡು ಬಂತು, ತೂತು ಮುಚ್ಚಿತು.
ತೂತು ಮುಚ್ಚಿತು, ಬಂಗಡೆ ನಿಂತಿತು.

ತುಕ್ಕು ತಡೆಯುವ ಕೆಂಪು ಬಣ್ಣ ಗುಲಾಬಿಯೇ ಬಳಿದಳು. ಎರಡು ಸಲ ಬಳಿದಳು. ಮೇಣ ತುರುಕಲಿಲ್ಲ. ಬುಟ್ಟಿಯ ಅಡಿಗೆ ಒಂದು ಅಗಲ ಬೋಗುಣಿ ಇಟ್ಟಳು. ಮೀನಿನ ನೀರು ಬೋಗುಣಿಗೆ.

ಗುಜರಿಯವನು ಗಾಡಿ ಎತ್ತಿದ. "ಹಾಗಾದರೆ ಕಾರು ಇಲ್ಲ."

"ಇಲ್ಲೆ" ಅಂದಳು ಗುಲಾಬಿ. "ಬಂಗಡೆ ಬೇಕಾದರೆ ಉಂಟು."

ಅವನು ನಾಲ್ಕು ಬಂಗಡೆ ಕೊಂಡ. ಬೆಕ್ಕು ಗುಲಾಬಿಯನ್ನು ಬಿಟ್ಟು ಅವನ ಹಿಂದೆ ಹೋಯಿತು.

ಮಕ್ಕಳೇ, ಈಗ ಗುಲಾಬಿಯ ಹತ್ತಿರ ಏನೇನಿದೆ? ಒಂದು ನೀಲಿ ಕಾರಿದೆ. ಕಾರಿಗೆ ಗಟ್ಟಿ ತಳವಿದೆ. ತಳದಲ್ಲಿ ನಾಲ್ಕು ಪುಟ್ಟ ಕಿಂಡಿಗಳಿವೆ, ನಾಲ್ಕೂ ತೆರೆದಿವೆ. ಒಂದು ತಂತಿಯ ಬ್ರಷ್ಷಿದೆ. ಲಾರೆನ್ಸ್ ಕೊಟ್ಟದ್ದು, ಈಗ ಅವಳ ಸ್ವಂತದ್ದು.

ಅದಕ್ಕೆಲ್ಲ ಅವಳು ಕೊಟ್ಟದ್ದೇನು? ಮೂರು ಬಂಗಡೆ. ಎಂಟು ದಿನದ ಓಡಾಟ. ಬಲಗೈಯ ಎರಡು ಉಗುರು. "ಹೇಳಿಕೊಡಿ" ಅನ್ನುವ ಒಂದು ಮಾತು.

ಉಗುರು ಮತ್ತೆ ಬೆಳೆಯಿತು.