ಮುನ್ನೂರು ಭರಣಿಗಳ ಪಟ್ಟಿ

ಈ ಕತೆಯನ್ನು ನನಗೆ ಮೊದಲು ಹೇಳಿದವರು ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದ ಸರಸಿಜಾ ಮೇಡಂ. ಅವರಿಗೆ ಯಾರು ಹೇಳಿದರೆಂದು ಕೇಳಿದರೆ ಚಹಾ ಮುಗಿಸಿ ಎದ್ದುಬಿಡುತ್ತಿದ್ದರು.

ಒಬ್ಬ ಶಿಷ್ಯೆ ಗುರುವನ್ನು ಕೇಳಿದಳು: "ಗುರುಗಳೇ, ಪ್ರೋಗ್ರಾಂ ಬರೆಯಲು ಪ್ರಾಜೆಕ್ಟ್ ತೆರೆದರೆ ಸಾಕು, ಕಂಪ್ಯೂಟರ್ ನನಗೆ ಬೆನ್ನು ಹಾಕಿ ಕೂತು, ಅದಕ್ಕೆ ಬೇಕಾದ, ಬೇರೆಯವರು ಬರೆದಿಟ್ಟ ಕೋಡ್ ಲೈಬ್ರರಿಗಳನ್ನೆಲ್ಲ ಓದಿ, ಯಾವುದು ಎಲ್ಲಿದೆ ಎಂಬ ಸೂಚಿ ತಯಾರಿಸತೊಡಗುತ್ತದೆ. ಅಷ್ಟು ಹೊತ್ತು ಕೀಲಿ ಒತ್ತಿದರೂ ಅಕ್ಷರ ಮೂಡುವುದಿಲ್ಲ. ಬೇಸತ್ತು ಅದನ್ನು ಅರ್ಧಕ್ಕೇ ನಿಲ್ಲಿಸುತ್ತೇನೆ. ಮರುದಿನ ಮತ್ತೆ ಮೊದಲಿಂದ. ಇದಕ್ಕೆ ಬುದ್ಧಿ ಕಲಿಸುವುದು ಹೇಗೆ?"

ಗುರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು ಹೇಳಿದರು:

ಒಬ್ಬ ವೈದ್ಯನಿದ್ದ. ಮನೆ ತುಂಬ ಔಷಧಿಯ ಭರಣಿಗಳು. ವಯಸ್ಸಾಗುತ್ತ, ಕೈಗೆ ಅಭ್ಯಾಸವಾದ ಕೆಲವನ್ನು ಬಿಟ್ಟರೆ ಯಾವುದು ಎಲ್ಲಿದೆ ಎಂಬುದು ಮರೆಯತೊಡಗಿತು. ಒಬ್ಬ ಪಟ್ಟಿಗಾರನನ್ನು ಕರೆಸಿ, "ಎಲ್ಲವನ್ನೂ ಬರಿ, ಒಂದನ್ನೂ ಬಿಡಬೇಡ" ಎಂದ.

ಪಟ್ಟಿಗಾರ ಭರಣಿಗಳನ್ನೆಲ್ಲ ನೆಲಕ್ಕಿಳಿಸಿ ಬರೆಯಲು ಕೂತ. ಒಂದು ಲೇಹ್ಯಕ್ಕೆ ಐದು ಚೂರ್ಣ, ಒಂದೊಂದು ಚೂರ್ಣಕ್ಕೆ ಏಳು ಬೇರು. ಬೇರುಗಳು ಪಕ್ಕದೂರಿನ ವೈದ್ಯನಿಂದ ಬಂದವೆಂದು ತಿಳಿದಾಗ ಅಲ್ಲಿಗೂ ಹೋಗಿ ಆ ಮನೆಯ ಭರಣಿಗಳನ್ನೂ ಬರೆದುಕೊಂಡು ಬಂದ. ಅಂಗಳದಲ್ಲಿ ರೋಗಿಯೊಬ್ಬ ಕೆಮ್ಮಿದಾಗಲೆಲ್ಲ ವೈದ್ಯ, "ಸಾಕು, ಏಳು, ದಾರಿ ಬಿಡು" ಎಂದು ಪಟ್ಟಿಗಾರನನ್ನು ಎಬ್ಬಿಸುತ್ತಿದ್ದ. ತಾನೇ ಭರಣಿಗಳನ್ನು ಎತ್ತಾಡಿ ಔಷಧಿ ಹುಡುಕುತ್ತಿದ್ದ. ರೋಗಿ ಹೋದ ಮೇಲೆ ಪಟ್ಟಿಗಾರ ಅರ್ಧ ಬರೆದ ಹಾಳೆಯನ್ನು ಹರಿದು ಮತ್ತೆ ಒಂದನೆಯ ಭರಣಿಗೆ ಬರುತ್ತಿದ್ದ. ಹೀಗೆ ತಿಂಗಳು ಕಳೆಯಿತು. ಇಬ್ಬರ ಸೊಂಟವೂ ಸೋತುಹೋಯಿತು.

ಒಂದು ಬೆಳಿಗ್ಗೆ ಒಬ್ಬ ಹೆಂಗಸು ಉಬ್ಬಸದಿಂದ ಏದುಸಿರು ಬಿಡುತ್ತಿದ್ದ ಗಂಡನನ್ನು ಗಾಡಿಯಲ್ಲಿ ತಂದಳು. ಉಬ್ಬಸದ ಭರಣಿ ಮೊದಲು ಬಾಗಿಲ ಬಲಗಡೆ ಇರುತ್ತಿತ್ತು. ನಿದ್ದೆಗಣ್ಣಿನಲ್ಲೂ ವೈದ್ಯನ ಕೈ ಅಲ್ಲಿಗೆ ಹೋಗುತ್ತಿತ್ತು. ಈಗ ನೆಲದ ಮೇಲೆ ಮುನ್ನೂರು ಭರಣಿ. ಒಂದೊಂದರ ಮುಚ್ಚಳ ತೆಗೆದು ಮೂಸಿದ. ಕೊನೆಗೆ ಸಿಕ್ಕಿದ್ದನ್ನು ಹಿಡಿದು ಹೊರಗೆ ಬರುವಷ್ಟರಲ್ಲಿ ಗಾಡಿ ಬೇರೆ ಊರಿನ ದಾರಿ ಹಿಡಿದಿತ್ತು. ಆ ಗಂಡ ಉಳಿದನೋ ಇಲ್ಲವೋ, ವೈದ್ಯನಿಗೆ ತಿಳಿಯಲೇ ಇಲ್ಲ.

ವೈದ್ಯ ಹೊಸ್ತಿಲ ಮೇಲೆ ಕುಸಿದು ಕೂತ. "ಮಾರಾಯ, ಪ್ರತಿಸಲ ಮೊದಲಿಂದ ಯಾಕೆ ಬರೆಯುತ್ತೀಯ?"

"ನಾನೆದ್ದ ಮೇಲೆ ನೀವು ಯಾವುದನ್ನು ಎಲ್ಲಿಟ್ಟಿರೆಂದು ನನಗೇನು ಕನಸು ಬೀಳುತ್ತದೆಯೇ?" ಎಂದ ಪಟ್ಟಿಗಾರ. "ಅದಿರಲಿ ಪಂಡಿತರೇ, ದಿನಕ್ಕೆ ನೀವು ಮುಟ್ಟುವ ಭರಣಿ ಎಷ್ಟು?"

ವೈದ್ಯ ಬೆರಳು ಮಡಿಸಿದ. "ಹನ್ನೆರಡು ಇರಬಹುದು."

"ಹನ್ನೆರಡಾಗಿದ್ದರೆ ಮೊದಲ ದಿನವೇ ಊಟದ ಹೊತ್ತಿಗೆ ಮುಗಿಸಿ ಮನೆಗೆ ಹೋಗಿರುತ್ತಿದ್ದೆ."

ಗುರು ಅಲ್ಲಿಗೆ ನಿಲ್ಲಿಸಿದರು. ಶಿಷ್ಯೆಗೆ ಸಿಟ್ಟು ಬಂದಿತ್ತು. "ಅಂಥ ಪಟ್ಟಿಗಾರನನ್ನು ಇಟ್ಟುಕೊಂಡದ್ದೇ ತಪ್ಪು" ಎಂದಳು.

"ಅವನು ಹೇಳಿದ್ದನ್ನು ಮಾಡಿದನಮ್ಮ, ಯಾವುದು ಬೇಡ ಎಂದು ಹೇಳಬೇಕಾದವರು ಯಾರು?"

ಶಿಷ್ಯೆ ಕಂಪ್ಯೂಟರಿನ ಕಡೆ ತಿರುಗಿ, ತಾನು ಎಂದೂ ಮುಟ್ಟದ ಲೈಬ್ರರಿಗಳನ್ನು ಸೂಚಿಯಿಂದ ಬಿಡಲು ಒಂದೊಂದಾಗಿ ಹೆಸರು ಬರೆಯತೊಡಗಿದಳು.

ನಿಮ್ಮ ಪಕ್ಕದ ಮೇಜಿನಲ್ಲಿ ಯಾರಾದರೂ ಕೈಕಟ್ಟಿ ಪರದೆಯನ್ನೇ ದಿಟ್ಟಿಸುತ್ತ ಕೂತಿದ್ದರೆ, ಇದನ್ನು ಅವರಿಗೂ ಹೇಳಿ. ಕೇಳಲು ಅವರಿಗೆ ಪುರುಸೊತ್ತು ಇದ್ದೇ ಇರುತ್ತದೆ.