ಮೂರನೆಯ ಸಲದ ಅನ್ನ

“ಗುರುಗಳೇ, ತಪ್ಪು ಮಾಡದವಳು ಯಾಕೆ ಮುಚ್ಚಿಡಬೇಕು?” ಎಂದು ಶಿಷ್ಯೆ ಕಾತ್ಯಾಯಿನಿ ಕೇಳಿದಳು.

ಅವಳ ಫೋನಿನಲ್ಲಿ ಹಣ ಕಳಿಸುವ ಒಂದು ಆ್ಯಪ್ ಇತ್ತು. ಅವಳು ಯಾರಿಗೆ ಕೊಟ್ಟಳು, ಯಾತಕ್ಕೆ ಕೊಟ್ಟಳು ಎಂಬುದು ಅದರಲ್ಲಿ ಪರಿಚಯದವರಿಗೆಲ್ಲ ಕಾಣುತ್ತಿತ್ತು. ಯಾರಿಗೂ ಕಾಣದ ಹಾಗೆ ಮಾಡಿಕೋ ಎಂದು ಅವಳ ತಮ್ಮ ದಿನವೂ ಪೀಡಿಸುತ್ತಿದ್ದ.

“ನಾನು ಕದ್ದಿಲ್ಲ, ಲಂಚ ಕೊಟ್ಟಿಲ್ಲ. ಯಾರು ಬೇಕಾದರೂ ನೋಡಿಕೊಳ್ಳಲಿ. ಬಾಗಿಲು ಹಾಕಿಕೊಳ್ಳುವುದು ಕಳ್ಳರ ಕೆಲಸ,” ಎಂದಳು.

“ಹೌದೇನು? ಹಾಗಾದರೆ ಬಚ್ಚಲಮನೆಗೆ ಬಾಗಿಲಿಟ್ಟವರೆಲ್ಲ ಕಳ್ಳರೇ ಬಿಡು,” ಎಂದರು ಗುರುಗಳು. “ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ. ಆ ಫೋನನ್ನೂ ಅತ್ತ ಇಡು.”

ಅವಳು ಫೋನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಬಂದು ಕೂತಳು. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಒಳ್ಳೆಯವನು. ಒಳ್ಳೆಯವನು ಎಂದು ನಾಲ್ಕು ಜನ ಹೇಳಿದರೆ ಇನ್ನೂ ಒಳ್ಳೆಯವನಾಗುತ್ತಿದ್ದ. ಅದೇನು ಮಹಾಪಾಪವಲ್ಲ, ನಮಗೆಲ್ಲ ಇರುವ ಕಾಯಿಲೆಯೇ. ಅವನ ತಂಗಿಯನ್ನು ಪಕ್ಕದ ತಾಲ್ಲೂಕಿನ ಒಬ್ಬ ಅಡುಗೆಯವನಿಗೆ ಕೊಟ್ಟಿತ್ತು. ಮದುವೆ, ಮುಂಜಿ, ಸೀಮಂತಗಳಿಗೆ ಅಡುಗೆ ಮಾಡುವವನು. ಕೈರುಚಿ ಎಂದರೆ ಅವನದೇ. ಸ್ವಾಭಿಮಾನವೂ ಅಷ್ಟೇ ಖಾರ. ಹೆಂಡತಿಯ ತವರಿನಿಂದ ಒಂದು ಲೋಟವನ್ನೂ ತಂದವನಲ್ಲ, ಭಾವ ಪಾತ್ರೆ ಅಂಗಡಿಯವನಾದರೂ!

ಒಂದು ದಿನ ಕಾದ ಎಣ್ಣೆ ಸಿಡಿದು ಅವನ ಬಲಗೈ ಸುಟ್ಟಿತು. ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿದ ವೈದ್ಯರು, “ನಾಲ್ಕು ತಿಂಗಳು ಒಲೆಯ ಹತ್ತಿರ ಸುಳಿಯಬೇಡಿ. ಹೊಸ ಚರ್ಮ ಇನ್ನೊಂದು ಸಲ ಸುಟ್ಟರೆ ಬೆರಳು ಮಡಚಲು ಬರುವುದಿಲ್ಲ,” ಎಂದರು. ಮಡಚದ ಬೆರಳು ಸೌಟು ಹಿಡಿಯುತ್ತದೆಯೇ? ಅವನ ಬದುಕೆಲ್ಲ ಆ ಒಂದು ಕೈಯಲ್ಲಿತ್ತು.

ಮನೆ ನಡೆಯಬೇಕಲ್ಲ. ತಂಗಿ ಸೀರೆಗಳಿಗೆ ಕುಚ್ಚು ಕಟ್ಟತೊಡಗಿದಳು. ಅದರಿಂದ ಹಾಲಿನ ಖರ್ಚು ಹುಟ್ಟುತ್ತಿತ್ತು, ಅಷ್ಟೇ. ಉಳಿದದ್ದನ್ನು ಅಣ್ಣ ಕೊಡುತ್ತಿದ್ದ. ಎಲ್ಲವೂ ಕುಚ್ಚಿನ ಹಣ ಎಂದೇ ಅವಳು ಗಂಡನಿಗೆ ಹೇಳಿದ್ದಳು.

“ಅಣ್ಣಾ, ದಮ್ಮಯ್ಯ, ಇವರಿಗೆ ಮಾತ್ರ ಗೊತ್ತಾಗಬಾರದು. ಗೊತ್ತಾದರೆ ಅವತ್ತೇ ಹೋಗಿ ಒಲೆ ಮುಂದೆ ನಿಂತುಬಿಡುತ್ತಾರೆ.”

“ಅವರಿಗೆ ನಾನು ಹೇಳುತ್ತೇನೆಯೇ? ಹುಚ್ಚಿ!” ಎಂದ ಅಣ್ಣ.

ಎರಡು ತಿಂಗಳು ಅವನು ತಾನೇ ಹೋಗಿ ತಂಗಿಯ ಕೈಯಲ್ಲಿ ಹಣವಿಟ್ಟು ಬಂದ. ಮೂರನೆಯ ತಿಂಗಳು ಮದುವೆಯ ಕಾಲ, ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಫೋನಿನಲ್ಲೇ ಕಳಿಸಿದ. ಅವನದೂ ನಿನ್ನ ಆ್ಯಪಿನಂಥದ್ದೇ. ಯಾತಕ್ಕೆ ಎಂದು ಅದು ಕೇಳಿತು. ವ್ಯಾಪಾರಿ ಇದ್ದದ್ದನ್ನು ಇದ್ದಹಾಗೆ ಬರೆದ: “ತಂಗಿಗೆ, ಯಜಮಾನರ ಕೈ ವಾಸಿಯಾಗುವ ತನಕ ಮನೆಖರ್ಚಿಗೆ.”

ಗಳಿಗೆಯೊಳಗೆ ನೋಡಿದವರೆಲ್ಲ ಕೈ ಮುಗಿದ ಚಿತ್ರ ಕಳಿಸತೊಡಗಿದರು. ಅಣ್ಣ ಎಂದರೆ ಹೀಗಿರಬೇಕು ಎಂದು ಒಬ್ಬರು. ಇಂಥ ತವರು ಎಲ್ಲರಿಗೂ ಸಿಗಲಿ ಎಂದು ಇನ್ನೊಬ್ಬರು. ವ್ಯಾಪಾರಿ ಗಿರಾಕಿಗಳ ನಡುವೆಯೂ ಎರಡೆರಡು ಸಲ ತೆಗೆದು ಓದಿಕೊಂಡ. ಮಾತಿಗೆ ತಪ್ಪಲಿಲ್ಲ ಪುಣ್ಯಾತ್ಮ. ತಂಗಿಯ ಗಂಡನಿಗೆ ಹೇಳಲೇ ಇಲ್ಲ. ಅವನೊಬ್ಬನನ್ನು ಬಿಟ್ಟು ಊರಿಗೆಲ್ಲ ಹೇಳಿದ.

ಮೂರು ದಿನವಾಯಿತು. ಅಡುಗೆಯವನು ಕ್ಷೌರದಂಗಡಿಗೆ ಹೋಗಿದ್ದ. ಅಲ್ಲಿ ಕೂತಿದ್ದ ಪರಿಚಯದವನೊಬ್ಬ, “ನಿಮಗೇನು ಚಿಂತೆ ಸ್ವಾಮಿ! ಮನೆ ನಡೆಸೋಕೆ ಭಾವ ಇದ್ದಾರಲ್ಲ. ನಾವೂ ನೋಡಿದೆವು, ತುಂಬ ಸಂತೋಷವಾಯಿತು,” ಎಂದ. ಆಡಿದವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅಂಗಡಿಯಲ್ಲಿದ್ದವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಅವರಿಗೆಲ್ಲ ಮೊದಲೇ ಗೊತ್ತಿತ್ತು! ಅಡುಗೆಯವನು ಅರ್ಧ ಕ್ಷೌರದಲ್ಲೇ ಎದ್ದು ಬಂದ.

ಹೆಂಡತಿಯನ್ನು ಒಂದು ಮಾತು ಕೇಳಲಿಲ್ಲ. ಕೆಲಸಕ್ಕಾಗಿ ತಾನೇ ನಾಲ್ಕು ಕಡೆ ಫೋನು ಮಾಡಿ, ಮರುದಿನ ಒಂದು ಸೀಮಂತದ ಅಡುಗೆ ಒಪ್ಪಿಕೊಂಡ. ಇನ್ನೂರು ಎಲೆ. ಬೆಳಗಾಗುತ್ತಲೇ ಪಟ್ಟಿಯ ಮೇಲೆ ಒಂದು ಟವಲು ಸುತ್ತಿಕೊಂಡು ಹೊರಟ. ಬಾಗಿಲಿಗೆ ಅಡ್ಡ ನಿಂತ ಹೆಂಡತಿಗೆ, “ಕುಚ್ಚು ಕಟ್ಟಿ ಸಾಕಾಗಿರಬೇಕು ನಿನಗೆ, ಕೂತು ಸುಧಾರಿಸಿಕೋ,” ಎಂದ. ಆಗ ಅವಳಿಗೆ ಎಲ್ಲವೂ ತಿಳಿಯಿತು.

ಅವಳು ಅಣ್ಣನಿಗೆ ಫೋನು ಮಾಡಿದಳು. “ಏನು ಮಾಡಿಬಿಟ್ಟೆಯಣ್ಣ! ಕೈ ಹೋಯಿತು ಕಣೋ, ಅವರ ಕೈ ಹೋಯಿತು!” ಎಂದು ಅತ್ತಳು.

ವ್ಯಾಪಾರಿ ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಬಸ್ಸಿಗೆ ಓಡಿದ. ಎರಡು ಗಂಟೆಯ ದಾರಿ. ದಾರಿಯುದ್ದಕ್ಕೂ ಅವನ ಕಣ್ಣೆದುರು ಬಂದದ್ದು ಒಂದೇ, ಮಡಚದ ಐದು ಬೆರಳು. ದೇವರೇ, ಆ ಬಸ್ಸು ಕಂಡಕಂಡಲ್ಲಿ ನಿಲ್ಲುತ್ತಿತ್ತು. ಜೇಬಿನ ಫೋನು ನಡುನಡುವೆ ಟಿಣ್ ಎನ್ನುತ್ತಿತ್ತು. ಇನ್ನೂ ಯಾರೋ ಕೈ ಮುಗಿಯುತ್ತಿದ್ದರು. ಅವನಿಗೆ ಅದನ್ನು ಕಿಟಕಿಯಿಂದಾಚೆ ಎಸೆಯಬೇಕು ಎನಿಸಿತು.

ಇತ್ತ ಸೀಮಂತದ ಮನೆಯ ಹಿತ್ತಲಲ್ಲಿ ಅಡುಗೆಯವನು ಒಲೆಯ ಮುಂದೆ ನಿಂತಿದ್ದ. ಹತ್ತು ವರ್ಷದಿಂದ ಅವನ ಜೊತೆ ದುಡಿದ ನಾಲ್ವರು ಅಲ್ಲಿದ್ದರು. ಕೈ ಸುಟ್ಟ ದಿನವೂ ಇದ್ದವರೇ. ಅವರಲ್ಲಿ ತರಕಾರಿ ಹೆಚ್ಚುವ ಒಬ್ಬ ಮುದುಕಿ. ಅವಳು ಅವನ ಟವಲನ್ನು ನೋಡಿದಳು. ಬೆಂಕಿಪೊಟ್ಟಣವನ್ನು ಎತ್ತಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

“ಯಾಕಜ್ಜಿ, ಒಲೆ ಹಚ್ಚೋದಿಲ್ಲವಾ?”

“ನೀನು ಕೂತರೆ ಹಚ್ಚುತ್ತೇನೆ. ನಿಂತರೆ ಇಲ್ಲ.”

ಅವನು ರೇಗಿದ. ಉಳಿದ ಮೂವರನ್ನು ಕರೆದ. ಯಾರೂ ಕೂತಲ್ಲಿಂದ ಏಳಲಿಲ್ಲ. ಮನೆಯ ಯಜಮಾನ ಓಡಿ ಬಂದು, “ಹನ್ನೆರಡಕ್ಕೆ ಎಲೆ ಹಾಕಬೇಕು, ನನ್ನ ಮಾನ ಕಳೆಯುತ್ತೀರಾ?” ಎಂದು ಕೂಗಾಡಿದ. ಮುದುಕಿ ಬೂದುಗುಂಬಳ ಹೆಚ್ಚುತ್ತಲೇ, “ಬೈಗುಳವೆಲ್ಲ ನನಗಿರಲಿ. ನಾಲ್ಕು ಜನ ಎಂಟು ಕೈ ಇದ್ದೇವೆ. ಇವನು ಬಾಯಲ್ಲಿ ಹೇಳಲಿ, ನಾವು ಕೈಯಲ್ಲಿ ಮಾಡುತ್ತೇವೆ. ಸೌಟು ಮುಟ್ಟಿದನೋ, ನಾನು ಮನೆಗೆ ಹೊರಟೆ, ಕಡ್ಡಿಪೆಟ್ಟಿಗೆಯ ಸಮೇತ,” ಎಂದಳು. ಅಡುಗೆಯವನು ಒಲೆಯಿಂದ ಹತ್ತು ಹೆಜ್ಜೆ ದೂರ ಒಂದು ಸ್ಟೂಲು ಎಳೆದುಕೊಂಡು ಕೂತ.

ವ್ಯಾಪಾರಿ ಏದುಸಿರು ಬಿಡುತ್ತ ಆ ಮನೆಯನ್ನು ಹುಡುಕಿ ಬಂದಾಗ ಹಿತ್ತಲಿನಿಂದ ಒಂದು ದನಿ ಕೇಳಿಸುತ್ತಿತ್ತು. “ಹುಣಿಸೆರಸ ಹಿಂಡು ಅಂದರೆ ಮರವನ್ನೇ ಹಿಂಡಿದ್ದೀಯಲ್ಲೋ! ಬೆಲ್ಲ ಹಾಕು, ಇನ್ನೊಂದಿಷ್ಟು, ಸಾಕು!” ವ್ಯಾಪಾರಿ ಗೋಡೆ ಹಿಡಿದು ಇಣುಕಿದ. ತಂಗಿಯ ಗಂಡ ಸ್ಟೂಲಿನ ಮೇಲೆ ಕೂತಿದ್ದ. ಟವಲಿನೊಳಗಿನ ಕೈ ಮಡಿಲಲ್ಲಿತ್ತು. ಟವಲಿನ ಅಂಚಿನಲ್ಲಿ ಕಾಣುತ್ತಿದ್ದ ಪಟ್ಟಿ ಬೆಳ್ಳಗೇ ಇತ್ತು. ಸದ್ಯ, ಬದುಕಿದೆ ಎಂದುಕೊಂಡ ವ್ಯಾಪಾರಿ. ಅಲ್ಲೇ ಗೋಡೆಗೆ ಒರಗಿ ಕೂತ. ನಗು ಬಂತು, ಅಳುವೂ ಬಂತು. ತಂಗಿಗೆ ಫೋನು ಮಾಡಿ, “ಬೈಯುತ್ತಿದ್ದಾರೆ ಕಣೇ, ಎಲ್ಲರನ್ನೂ ಬೈಯುತ್ತಿದ್ದಾರೆ,” ಎಂದ. ಆ ಕಡೆ ಅವಳೂ ನಕ್ಕಳು.

ಊಟವೆಲ್ಲ ಮುಗಿದ ಮೇಲೆ ಅವನು ತಂಗಿಯ ಗಂಡನ ಹತ್ತಿರ ಹೋಗಿ ನಿಂತ.

“ನನ್ನದು ತಪ್ಪಾಯಿತು. ಆದರೆ ನಾನು ಕೆಟ್ಟದ್ದೇನನ್ನೂ ಬರೆದಿರಲಿಲ್ಲ, ಇದ್ದದ್ದನ್ನೇ ಬರೆದೆ.”

“ಇದ್ದದ್ದೇ ಭಾವ, ಸುಳ್ಳಲ್ಲ,” ಎಂದ ಅಡುಗೆಯವನು. “ಇಪ್ಪತ್ತು ವರ್ಷ ಪಂಕ್ತಿಯಲ್ಲಿ ಬಡಿಸಿದ್ದೇನೆ. ಮೂರನೆಯ ಸಲ ಅನ್ನ ಬೇಕಾದವನು ಬಾಯಿಬಿಟ್ಟು ಕೇಳುವುದಿಲ್ಲ, ಖಾಲಿ ಎಲೆಯ ಮೇಲೆ ಬೆರಳಾಡಿಸುತ್ತಾನೆ. ನಾವು ಬಡಿಸುತ್ತೇವೆ, ಮುಂದಕ್ಕೆ ಹೋಗುತ್ತೇವೆ. ಇವನಿಗೆ ಮೂರನೆಯ ಸಲ ಎಂದು ಪಂಕ್ತಿಗೆಲ್ಲ ಕೂಗುವುದಿಲ್ಲ.”

ವ್ಯಾಪಾರಿ ಅಳುಕುತ್ತ, “ಮುಂದಿನ ತಿಂಗಳು ಕಳಿಸಲಾ, ಬೇಡವಾ?” ಎಂದ.

ಅಡುಗೆಯವನು ತನ್ನ ಕೈಯನ್ನು ನೋಡಿಕೊಂಡ. “ಕಳಿಸಿ. ಕೂಗಬೇಡಿ,” ಎಂದ.

ಆ ತಿಂಗಳೂ ಕಳೆಯಿತು. ಪಟ್ಟಿ ಬಿಚ್ಚಿದರು. ಐದು ಬೆರಳೂ ಮಡಚಿದವು.

ಗುರುಗಳು ಕತೆ ನಿಲ್ಲಿಸಿ ನೀರು ಕುಡಿದರು. ಕಾತ್ಯಾಯಿನಿ ಹಿಡಿದಿದ್ದ ಉಸಿರನ್ನು ಬಿಟ್ಟಳು.

“ಅಬ್ಬಾ! ಆ ಅಜ್ಜಿ ಇಲ್ಲದಿದ್ದರೆ ಏನು ಗತಿ? ಸದ್ಯ, ಎಲ್ಲವೂ ಸರಿಹೋಯಿತಲ್ಲ,” ಎಂದಳು. ಮತ್ತೆ ಅವಳ ಮುಖದಲ್ಲಿ ಮೊದಲಿನ ಹಟ ಮೂಡಿತು. “ಆದರೂ ಗುರುಗಳೇ, ನನ್ನ ಮಾತು ಬೇರೆ. ಮುಚ್ಚಿಡುವಂಥದ್ದು ನನ್ನಲ್ಲಿ ಏನೂ ಇಲ್ಲವಲ್ಲ?”

“ಆ ವ್ಯಾಪಾರಿಯಲ್ಲೂ ಏನೂ ಇರಲಿಲ್ಲ, ತಾಯಿ,” ಎಂದರು ಗುರುಗಳು. “ಸುಡಲಿದ್ದ ಕೈ ಅವನದಲ್ಲ.”